ದೋಣಿಯವರೆಗಿನ ಕತೆ

"ಆಮೇಲೆ?" ಎಂದು ಬಟಾಣಿ ಕೇಳಿದಳು.

ಕಟಿಂಗ್ ಶಾಪಿನ ಮಾಮ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ ಯೋಚಿಸಿದರು. ಬಿಳಿ ಬಟ್ಟೆ ಹೊದ್ದು ಕೂತಿದ್ದ ಗಿರಾಕಿ ಕನ್ನಡಿಯಲ್ಲೇ ಇಬ್ಬರ ಮುಖವನ್ನೂ ನೋಡುತ್ತಿದ್ದ.

"ಆಮೇಲೆ ನಿಮ್ಮ ಮಿಲಿಟರಿ ತಾತ, ಜೊತೆಗೆ ಇನ್ನೂ ನಾಲ್ಕು ಜನ ಸೈನಿಕರು, ಸಂಜೆ ಹೊತ್ತಿಗೆ ನದಿ ಹತ್ರ ಬಂದ್ರು. ದಡದಲ್ಲಿ ಒಂದು ಪುಟ್ಟ ದೋಣಿ ಇತ್ತು."

"ಅದು ನಂಗೂ ಗೊತ್ತು ಮಾಮ. ದೋಣಿ ಆದಮೇಲೆ?"

"ಆದಮೇಲೆ ಕಟಿಂಗ್ ಮುಗೀತು. ನಿಮ್ಮ ತಾತನ ತಲೇಲಿ ಇದ್ದದ್ದೇ ನಾಲ್ಕು ಕೂದಲು, ಪುಟ್ಟ. ಎಷ್ಟು ನಿಧಾನವಾಗಿ ಕತ್ತರಿಸಿದ್ರೂ ದೋಣಿವರೆಗೇ ಬರೋದು. ಮಿಕ್ಕಿದ್ದು ಮುಂದಿನ ತಿಂಗಳು ಅನ್ನೋರು. ಮುಂದಿನ ತಿಂಗಳು ಬಂದು ಮತ್ತೆ ಮೊದಲಿಂದ ಶುರು ಮಾಡೋರು."

ಗಿರಾಕಿ ನಕ್ಕ. ಮಾಮನೂ ನಕ್ಕರು. ಆಮೇಲೆ ಅತ್ತ ತಿರುಗಿ, ಶುಭ್ರವಾಗಿಯೇ ಇದ್ದ ಕತ್ತರಿಯನ್ನು ಬಹಳ ಹೊತ್ತು ಒರೆಸಿದರು.

"ಮೆಡಿಕಲ್ ಶಾಪ್ ಆಂಟಿನ ಕೇಳು," ಎಂದರು ತಿರುಗದೆಯೇ. "ಅವರಿಗೆ ಪೂರ್ತಿ ಹೇಳಿರ್ತಾರೆ."

ತಾತ ತೀರಿಕೊಂಡು ಎರಡು ವಾರವಾಗಿತ್ತು. ಭಾನುವಾರ ಬೆಳಗ್ಗೆ ಲೈಬ್ರರಿ ಹಾಲಿನಲ್ಲಿ ಅವರನ್ನು ನೆನೆಯಲು ಎಲ್ಲರೂ ಸೇರುವವರಿದ್ದರು. "ನೀನೂ ಏನಾದ್ರೂ ಹೇಳು. ಅವರ ಕತೆಗಳಲ್ಲೇ ಒಂದು ಹೇಳಿದ್ರೂ ಸಾಕು," ಎಂದಿದ್ದರು ಅಮ್ಮ. ದೋಣಿಯ ಕತೆ ಹೇಳ್ತೀನಿ ಎಂದಳು ಬಟಾಣಿ. ತಾತ ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಅದನ್ನೇ. ಆದರೆ ಹಾಳೆ ಹಿಡಿದು ಬರೆಯಲು ಕೂತಾಗ ಗೊತ್ತಾಯಿತು, ದೋಣಿಯಿಂದಾಚೆ ಅವಳಿಗೆ ಒಂದು ಸಾಲೂ ಗೊತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ಬೇರೆ ಕತೆ ಹೇಳಬಹುದಿತ್ತು. ಅವಳು ಯಾರಿಗೂ ಹೇಳದ ಇನ್ನೊಂದು ಸಂಗತಿ ಇತ್ತು.

ತಾತ ಹೋಗುವ ಹಿಂದಿನ ದಿನ, ಗುರುವಾರ. ಅವಳು ಸ್ಕೂಲ್ ಪ್ರಾಜೆಕ್ಟಿನ ಮ್ಯಾಪಿಗೆ ಬಣ್ಣ ಹಚ್ಚುತ್ತಿದ್ದಳು. ತಾತ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಬಟಾಣಿ, ಆ ದೋಣಿ ಕತೆ ಇವತ್ತು ಪೂರ್ತಿ ಹೇಳಿಬಿಡ್ಲಾ?"

"ಅಯ್ಯೋ ತಾತ, ನೂರು ಸಲ ಕೇಳಿದೀನಿ. ನಾಳೆ ಪ್ಲೀಸ್."

"ಆಗಲಿ, ಆಗಲಿ. ನಿನ್ನ ಕೆಲಸ ಮಾಡ್ಕೋ."

ತಾತ ಅರ್ಧ ಗಂಟೆ ಅಲ್ಲೇ ಕೂತಿದ್ದರು. ಅವಳ ಕಲರ್ ಪೆನ್ಸಿಲ್‌ಗಳನ್ನು ಒಂದೊಂದಾಗಿ ಚೂಪು ಮಾಡಿ ಸಾಲಾಗಿ ಇಟ್ಟರು. ಆಮೇಲೆ ಎದ್ದು, ಸದ್ದಾಗದಂತೆ ಬಾಗಿಲು ಹಾಕಿಕೊಂಡು ಹೋದರು. ಬೆಳಗ್ಗೆ ಏಳಲಿಲ್ಲ.

ಬೀದಿಯಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಆ ಕತೆಯನ್ನು ಕೊನೆಯವರೆಗೆ ಕೇಳಿದ್ದರೆ ಸಾಕು. ಹಾಗಿದ್ದರೆ ತಾನು 'ನಾಳೆ' ಅಂದದ್ದು ಅಷ್ಟು ದೊಡ್ಡ ತಪ್ಪಲ್ಲ ಎಂದು ಬಟಾಣಿ ಲೆಕ್ಕ ಹಾಕಿದ್ದಳು. ಯಾರಾದರೂ ಕೇಳಿಯೇ ಇರಬೇಕು. ತಾತ ಮಾತಾಡಿಸದ ನರಪಿಳ್ಳೆ ಆ ಬೀದಿಯಲ್ಲಿ ಇರಲಿಲ್ಲ. "ಬ್ರೆಡ್ ತರೋಕೆ ಕಳಿಸಿದ್ರೆ, ಬ್ರೆಡ್ಡಿಗೇ ವಯಸ್ಸಾಗಿ ಮನೆಗೆ ಬರುತ್ತೆ," ಎಂದು ಅಜ್ಜಿ ರೇಗುತ್ತಿದ್ದರು.

ಮೆಡಿಕಲ್ ಶಾಪ್ ಆಂಟಿ ಕೌಂಟರಿನಾಚೆಯಿಂದ ಬಗ್ಗಿ ಅವಳ ಕೆನ್ನೆ ಮುಟ್ಟಿದರು.

"ಪೂರ್ತಿನಾ? ಇಲ್ಲ ಕಂದ. ಐದು ಜನ ಇದ್ರು, ದೋಣೀಲಿ ನಾಲ್ಕೇ ಜನಕ್ಕೆ ಜಾಗ ಅನ್ನೋವರೆಗೂ ಹೇಳೋರು. ಅಷ್ಟರಲ್ಲಿ ಏನಾದ್ರೂ ತಗಾದೆ ತೆಗೆಯೋರು. ಏನಮ್ಮಾ, ಈ ಮಾತ್ರೆ ಹೋದ ಸಲಕ್ಕಿಂತ ತೆಳ್ಳಗಾಗಿದೆಯಲ್ಲ, ಇದಕ್ಕೂ ಹುಷಾರಿಲ್ವಾ ಅಂತ. ನಾನು ನಕ್ಕುಬಿಡ್ತಿದ್ದೆ. ಕತೆ ಅಲ್ಲಿಗೇ ನಿಲ್ತಿತ್ತು. ಕಟಿಂಗ್ ಶಾಪಲ್ಲಿ ಕೇಳಿ ನೋಡು."

"ಅವರು ನಿಮ್ಮನ್ನ ಕೇಳು ಅಂದ್ರು."

ಆಂಟಿಯ ನಗು ನಿಂತುಹೋಯಿತು. ಗಂಟಲು ನೋವಿಗೆ ಕೊಡುವ ಸಿಹಿ ಗುಳಿಗೆ ಎರಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಗಂಟಲು ನೋವಿದೆ ಎಂದು ಬಟಾಣಿ ಹೇಳಿರಲಿಲ್ಲ.

ಮನೆಯಲ್ಲಿ ಅಜ್ಜಿ ಮಂಚದ ಮೇಲೆ ತಾತನ ಅಂಗಿಗಳನ್ನು ಮಡಚುತ್ತಿದ್ದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದರು.

"ಅಜ್ಜಿ, ನಿಂಗಾದ್ರೂ ಗೊತ್ತಿದ್ಯಾ? ದೋಣಿ ಏನಾಯ್ತು?"

"ಐವತ್ತೆರಡು ವರ್ಷದಿಂದ ಆ ದೋಣಿ ದಡದಲ್ಲೇ ನಿಂತಿದೆ ಕಣೆ," ಎಂದರು ಅಜ್ಜಿ. "ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದೆ. ಹೋಗ್ತೀನಿ ಅಂತ ಎದ್ದು ಆಚೆ ಹೋಗೇಬಿಟ್ರು. ಅದೂ ಒಂದು ಕೆಟ್ಟ ಅಭ್ಯಾಸ. ಮನೆ ಬಿಡೋವಾಗ ಬರ್ತೀನಿ ಅನ್ಬೇಕೋ ಬೇಡ್ವೋ? ಆ ಮನುಷ್ಯ ಯಾವತ್ತೂ ಅನ್ಲಿಲ್ಲ. ಹೋಗ್ತೀನಿ, ಹೋಗ್ತೀನಿ ಅಂತಲೇ..."

ಅಜ್ಜಿಯ ಕೈ ಅಂಗಿಯ ಕಾಲರಿನ ಮೇಲೆ ನಿಂತಿತು.

ಬಟಾಣಿಗೆ ಹೊಳೆಯಿತು, ತಾತ ಅಜ್ಜಿಗೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಬಾಯಿಬಿಡದ ತಾತ ಒಂದೇ ಒಂದು ದಿನ, ಒಬ್ಬಳೇ ಒಬ್ಬಳಿಗೆ ಹೇಳಲು ಬಂದಿದ್ದರು.

ಭಾನುವಾರ ಲೈಬ್ರರಿ ಹಾಲಿನ ಕುರ್ಚಿಗಳು ಸಾಲದೆ ಜನ ಕಿಟಕಿಗೆ ಒರಗಿ ನಿಂತರು. ಬೀದಿಯ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಕೊನೆಯ ಸಾಲಿನಲ್ಲಿ ಕೋಲು ಹಿಡಿದು ಒಬ್ಬರು ಮುದುಕರು ಕೂತಿದ್ದರು. ಸೈನ್ಯದಲ್ಲಿ ತಾತನ ಜೊತೆ ರೇಡಿಯೋ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದವರು ಅವರೇ ಎಂದು ಅಮ್ಮ ಹೇಳಿದರು. ತಾತ ಅವರನ್ನು ಕರೆಯುತ್ತಿದ್ದದ್ದೂ ರೇಡಿಯೋ ಎಂದೇ. ಆರು ಗಂಟೆ ಹೊತ್ತು ರೈಲಿನಲ್ಲಿ ಕೂತು ಬಂದಿದ್ದರಂತೆ.

ಬಟಾಣಿ ಹೋಗಿ ಅವರ ಪಕ್ಕದಲ್ಲಿ ಕೂತಳು.

"ರೇಡಿಯೋ ತಾತ, ಆ ದೋಣೀಲಿ ನೀವಿದ್ರಾ?"

"ಯಾವ ದೋಣಿ?" ಎಂದರು. ಆದರೆ ಕೋಲು ಹಿಡಿದ ಕೈ ಬಿಗಿಯಾಯಿತು.

"ನಮ್ಮ ತಾತ ಆ ಗುರುವಾರ ಪೂರ್ತಿ ಹೇಳ್ತೀನಿ ಅಂತ ಬಂದ್ರು. ನಾನು ನಾಳೆ ಅಂದೆ." ಎರಡು ವಾರದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಹೊರಗೆ ಬಿದ್ದಿತು.

ಮುದುಕರು ಕೋಲನ್ನು ಎದುರಿನ ಕುರ್ಚಿಗೆ ಒರಗಿಸಿದರು.

"ಬುಧವಾರ ನಂಗೆ ಫೋನ್ ಮಾಡಿದ್ದ. ಮೊಮ್ಮಗಳಿಗೆ ಹೇಳಿಬಿಡ್ತೀನಿ ಕಣೋ, ಇನ್ನು ಹೊರೋಕಾಗಲ್ಲ ಅಂದ. ನಿಂಗೆಲ್ಲೋ ತಲೆ ಕೆಟ್ಟಿದೆ, ಮಗು ಅದು ಅಂತ ಗದರಿಸಿದೆ. ನೀನು ನಾಳೆ ಅಂದೆ. ನಾನು ಬೇಡವೇ ಬೇಡ ಅಂದೆ." ಅವಳ ಕಡೆ ತಿರುಗಿ ಕೇಳಿದರು, "ಬೇಜಾರು ಮಾಡ್ಕೊಂಡ್ನಾ?"

"ಇಲ್ಲ. ನನ್ನ ಪೆನ್ಸಿಲೆಲ್ಲ ಚೂಪು ಮಾಡಿಕೊಟ್ರು."

"ಹೂಂ. ಅವನೇ ಅದು," ಎಂದರು. ಕಣ್ಣೊರೆಸಿಕೊಂಡರು. ಆಮೇಲೆ ಎದುರಿನ ಕುರ್ಚಿಯ ಬೆನ್ನನ್ನು ನೋಡುತ್ತಾ ಮೆಲ್ಲಗೆ ಮಾತಾಡಿದರು.

"ಒಬ್ಬ ಉಳೀಲೇಬೇಕಿತ್ತು ಮರಿ. ನಮ್ಮೆಲ್ಲರಿಗಿಂತ ಚಿಕ್ಕವನೊಬ್ಬ ಇದ್ದ. ಮೀಸೆ ಕೂಡ ಸರಿಯಾಗಿ ಬಂದಿರ್ಲಿಲ್ಲ. ನೀವು ಹೋಗಿ, ನಾನು ಇಲ್ಲಿರ್ತೀನಿ ಅಂದ. ಹುಟ್ಟು ಹಾಕ್ತಿದ್ದವನು ನಿಮ್ಮ ತಾತ. ಇಲ್ಲೇ ಇರೋ, ಇವರನ್ನ ಆ ಕಡೆ ಬಿಟ್ಟು ಬರ್ತೀನಿ ಅಂದ."

"ಆಮೇಲೆ?"

"ನಡುನೀರಲ್ಲಿ ದೋಣಿಗೆ ಶತ್ರುಗಳ ಗುಂಡು ಬಿತ್ತು. ನಾವು ನಾಲ್ಕೂ ಜನ ಈಜಿ ಆ ಕಡೆ ಸೇರಿದ್ವಿ. ವಾಪಸ್ ಹೋಗೋಕೆ ದೋಣಿ ಎಲ್ಲಿತ್ತು? ನಿಮ್ಮ ತಾತ ಮತ್ತೆ ನೀರಿಗೆ ಹಾರೋಕೆ ಹೊರಟ. ಗುಂಡು ಇನ್ನೂ ನಿಂತಿರ್ಲಿಲ್ಲ, ನಾವು ಮೂರೂ ಜನ ಸೇರಿ ಅವನನ್ನ ನೆಲಕ್ಕೆ ಒತ್ತಿ ಹಿಡ್ಕೊಂಡ್ವಿ. ಆ ದಡದಲ್ಲಿ ಹುಡುಗ ನಿಂತಿರೋದು ಕಾಣಿಸ್ತಿತ್ತು. ಕತ್ತಲಾಗೋವರೆಗೂ ಕಾಣಿಸ್ತಿತ್ತು."

"ಬೆಳಗ್ಗೆ?"

"ಬೆಳಗ್ಗೆ ಕಾಣಿಸ್ಲಿಲ್ಲ."

ತಾತ ಯಾಕೆ 'ಬರ್ತೀನಿ' ಅನ್ನುತ್ತಿರಲಿಲ್ಲ ಎಂದು ಬಟಾಣಿ ಕೇಳಲಿಲ್ಲ. ಕೇಳುವ ಅಗತ್ಯ ಉಳಿದಿರಲಿಲ್ಲ.

ಅಷ್ಟರಲ್ಲಿ ಅಮ್ಮ ಮೈಕಿನಲ್ಲಿ ಅವಳನ್ನು ಕರೆದರು. ಮೈಕು ಎತ್ತರವಾಗಿತ್ತು. ಕಟಿಂಗ್ ಶಾಪಿನ ಮಾಮ ಎದ್ದು ಬಂದು ಅದನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿ, ಅಲುಗದಂತೆ ಬಿಗಿ ಮಾಡಿ ಹೋದರು.

ಬಟಾಣಿ ಹೇಳಿದಳು. ಐದು ಜನ ಸೈನಿಕರು ಒಂದೇ ಬಿಸ್ಕೆಟ್ ಪ್ಯಾಕೆಟ್‌ಗಾಗಿ ಜಗಳವಾಡಿದ್ದು, ತಾತ ಕೆಸರಿನಲ್ಲಿ ಬೂಟು ಕಳೆದುಕೊಂಡು ಒಂಟಿ ಬೂಟಿನಲ್ಲಿ ನಡೆದದ್ದು. ಜನ ನಕ್ಕರು. ಗೊತ್ತಿದ್ದ ಕತೆಯೇ ಆದರೂ ನಕ್ಕರು.

"ಸಂಜೆ ಹೊತ್ತಿಗೆ ನದಿ ಬಂತು. ದಡದಲ್ಲಿ ಒಂದು ಪುಟ್ಟ ದೋಣಿ ಇತ್ತು."

ಮೆಡಿಕಲ್ ಶಾಪ್ ಆಂಟಿ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. ಕಿಟಕಿಗೆ ಒರಗಿದ್ದವರು ನೆಟ್ಟಗಾದರು. ಇಡೀ ಹಾಲು ಕಾಯುತ್ತಿತ್ತು. ಈಗ ಬಟಾಣಿಗೆ ಮುಂದಿನದೆಲ್ಲ ಗೊತ್ತಿತ್ತು. ಗೊತ್ತಾದರೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆದರೆ ಇಷ್ಟೊಂದು ಮುಖಗಳ ಎದುರು ಆ ಹುಡುಗನನ್ನು ಮತ್ತೊಮ್ಮೆ ದಡದಲ್ಲಿ ನಿಲ್ಲಿಸಿ ಬರಲು ಅವಳಿಂದ ಆಗಲಿಲ್ಲ.

"ಅಷ್ಟೇ," ಎಂದು ಇಳಿದುಬಂದಳು.

ಮುಂದಿನ ಸಾಲಿನಲ್ಲಿ ಅಜ್ಜಿ ಸೆರಗು ಎಳೆದುಕೊಂಡು ಜಾಗ ಮಾಡಿಕೊಟ್ಟರು. ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಿವಿಯ ಹತ್ತಿರ ಬಗ್ಗಿದರು.

"ನಿಂಗೆ ಗೊತ್ತಾಗಿದೆ ಅಲ್ವಾ?"

ಬಟಾಣಿ ಹೌದೆಂದು ತಲೆಯಾಡಿಸಿದಳು.

"ಆಗಲಿ ಬಿಡು. ನಿಂಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ಹೇಳು. ನಾನೆಲ್ಲಿ ಹೋಗ್ತೀನಿ?"

ಬಟಾಣಿ ತನ್ನ ಕೈಯ ಮೇಲಿದ್ದ ಅಜ್ಜಿಯ ಕೈ ನೋಡಿದಳು. ತೆಳ್ಳನೆಯ ಚರ್ಮದಡಿ ನೀಲಿ ನರಗಳು ಕಾಣುತ್ತಿದ್ದವು. ವೇದಿಕೆಯ ಮೇಲೆ ಇನ್ಯಾರೋ ಮಾತು ಶುರು ಮಾಡಿದ್ದರು.

"ಈಗ್ಲೇ ಹೇಳ್ತೀನಿ ಅಜ್ಜಿ," ಎಂದಳು. "ಆಚೆ ಮೆಟ್ಟಿಲ ಹತ್ರ ಬಾ."

"ಸಭೆ ನಡೀತಿದೆಯಲ್ಲೇ."

"ನಡೀಲಿ. ಬಾ."

ಅಜ್ಜಿ ಕುರ್ಚಿಯ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಅವಳ ಭುಜ ಹಿಡಿದು ಎದ್ದರು.