ಕೀಲುಗೊಂಬೆಯ ಉಪಚಾರ

ಬಹಳ ಹಿಂದಿನ ಮಾತು. ತುಂಬೆನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿನ ಜನಕ್ಕೆ ಇದ್ದದ್ದು ಒಂದೇ ಕಾಯಿಲೆ, ದಾಕ್ಷಿಣ್ಯ. ಯಾರಾದರೂ ಎರಡು ಸಲ ಒತ್ತಾಯ ಮಾಡಿದರೆ ಮುಗಿಯಿತು, ಮೂರನೆಯ ಸಲ ಬೇಡ ಅನ್ನಲು ಅವರಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ಹೊಟ್ಟೆ ಬಿರಿಯುವಷ್ಟು ಉಂಡಿದ್ದರೂ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವರು, ಮನೆಗೆ ಹೋಗಿ ಶುಂಠಿ ಕಷಾಯ ಕುಡಿದು ನರಳುವರು. ನಗಬೇಡಿ. ನೀವೂ ಅಂಥವರೇ, ನನಗೆ ಗೊತ್ತು.

ಆ ರಾಜ್ಯದ ಅರಮನೆಯಲ್ಲಿ ಬಡಿಸುವವರಿಗೆಲ್ಲ ಹಿರಿಯಳು ಬಾಚಲೆ. ಸೌಟು ಹಿಡಿದು ಪಂಕ್ತಿಯಲ್ಲಿ ಬಂದಳೆಂದರೆ ಯಾರಿಗೆ ಇನ್ನೂ ಹಸಿವಿದೆ, ಯಾರದು ಬರೀ ಬಾಯಿಮಾತಿನ ಬೇಡ, ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅವಳಿಗೆ ತನ್ನವರು ಅಂತ ಇದ್ದದ್ದು ತಂಗಿ ಚಂದಲೆ ಒಬ್ಬಳೇ. ಅಪ್ಪ ಅಮ್ಮ ಹೋದ ಮೇಲೆ ಬಾಚಲೆಯೇ ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಚಂದಲೆಯೋ, ಮಹಾ ಬಾಯಿಬಡುಕಿ. ಎದ್ದಾಗಿನಿಂದ ಮಲಗುವ ತನಕ ವಟವಟ ಅನ್ನುತ್ತಲೇ ಇರಬೇಕು. ಅಕ್ಕನ ಹತ್ತಿರ ಏನಾದರೂ ಬೇಕಾದರೆ ಕೇಳುವ ಪದ್ಧತಿಯೇ ಇಲ್ಲ, ಕಿತ್ತುಕೊಂಡು ಓಡುವುದೇ. ಪರರ ಎದುರು ಮಾತ್ರ ಹಾಗೆ ಆಡಬೇಡ, ಮನೆಗೆ ಬಂದವರು ಏನು ಕೇಳಿದರೂ ಮುಖ ಸಣ್ಣ ಮಾಡಬೇಡ ಅಂತ ಬಾಚಲೆ ಅವಳಿಗೆ ಬೈದು ಬೈದು ಕಲಿಸಿದ್ದಳು.

ಹೀಗಿರುವಾಗ ವಕ್ರಜಂಘ ಅಂತ ಒಬ್ಬ ಮಾಯಾವಿ ಅರಮನೆಗೆ ಬಂದ. ಅವನ ಹಿಂದೆ ಒಂದು ಪಲ್ಲಕ್ಕಿ, ಪಲ್ಲಕ್ಕಿಯೊಳಗೆ ಹಾಲೆಮರದ ಒಂದು ಕೀಲುಗೊಂಬೆ. ಆಳೆತ್ತರದ ಹೆಣ್ಣುಗೊಂಬೆ. ಕತ್ತಿಗೊಂದು ಕೀಲು, ರೆಪ್ಪೆಗೊಂದು ಕೀಲು, ತುಟಿಗೊಂದು ಕೀಲು. ಬಲಗಿವಿ ಇರಬೇಕಾದ ಕಡೆ ಒಂದು ತೂತು. ಅತಿಥಿಗಳನ್ನು ಉಪಚಾರ ಮಾಡಲು ಇದಕ್ಕಿಂತ ಒಳ್ಳೆಯ ಗೊಂಬೆ ಇಲ್ಲ, ಕಣ್ಣಿಗೆ ಬಿದ್ದವರಲ್ಲಿ ಒಬ್ಬರನ್ನೂ ಬಿಡದೆ ಮಾತಾಡಿಸುವಂತೆ ಕಟ್ಟಿದ್ದೇನೆ ಅಂತ ಅವನು ಅರಸನಿಗೆ ಹೇಳಿದ. ಅರಸ ಎರಡು ಸಲ ಬೇಡ ಅಂದ. ಮೂರನೆಯ ಸಲಕ್ಕೆ, ಸರಿ, ಊಟದ ಚಾವಡಿಯಲ್ಲಿ ಇಡಿ ಅಂದ. ಉಪಚಾರಕ್ಕೆ ಗೊಂಬೆ ಇದೆಯಲ್ಲ ಅಂತ ಬಾಚಲೆಯನ್ನು ಚಾವಡಿಯಿಂದ ಅಡುಗೆಮನೆಗೆ ಕಳಿಸಿದರು.

ವಕ್ರಜಂಘನ ಮನಸ್ಸಿನಲ್ಲಿದ್ದದ್ದೇ ಬೇರೆ. ನಯವಾಗಿ ಕೇಳಿದರೆ ಮನುಷ್ಯ ಎಲ್ಲಿಯವರೆಗೆ ಬಗ್ಗುತ್ತಾನೆ ಅಂತ ಅವನಿಗೆ ನೋಡಬೇಕಿತ್ತು. ಅದೊಂದು ಗೊತ್ತಾದರೆ ಸೈನ್ಯ ಯಾಕೆ, ಕುದುರೆ ಯಾಕೆ? ಊರಿಗೊಂದು ಗೊಂಬೆ ಸಾಕು. ಅದಕ್ಕೇ ಗೊಂಬೆಯ ಹಿಂದೆ ಒಂದು ಪರದೆ ಕಟ್ಟಿಸಿದ. ಗೊಂಬೆಯ ಕೀಲು ಸರಿಮಾಡಲು ಅಂತ ಕಾರಣ ಹೇಳಿ, ಗೊಂಬೆಯ ಕಣ್ಣಿಗೂ ಬೀಳದಂತೆ ಅದರ ಮರೆಯಲ್ಲಿ ಕೂತ.

ಗೊಂಬೆ ಮೊದಲು, ಊಟ ಆಯಿತೇ, ಚೆನ್ನಾಗಿದ್ದೀರಾ ಅಂತ ವಿಚಾರಿಸುವುದು. ಆಮೇಲೆ, ನನಗೋಸ್ಕರ ನಿಮ್ಮ ಪಾಯಸಕ್ಕೆ ಒಂದು ಹಿಡಿ ಉಪ್ಪು ಹಾಕಿಕೊಳ್ಳಿ ಅನ್ನುವುದು. ಹುಚ್ಚು ಮಾತು, ಯಾರು ಹಾಕಿಕೊಳ್ಳುತ್ತಾರೆ ಅನ್ನುತ್ತೀರಿ. ಎಲ್ಲರೂ ಹಾಕಿಕೊಂಡರು, ಹಾಕಿಕೊಂಡು ಕುಡಿದರು. ಅದಾದ ಮೇಲೆ ಹೆಂಗಸರಾದರೆ ಅರ್ಧ ಜಡೆ ಕತ್ತರಿಸಿಕೊಡಿ, ಗಂಡಸರಾದರೆ ಒಂದು ಕಡೆಯ ಮೀಸೆ ತೆಗೆದುಕೊಡಿ ಅನ್ನುವುದು. ಮಂತ್ರಿಗಳು ಅರ್ಧ ಮೀಸೆಯಲ್ಲೇ ಸಭೆಗೆ ಬಂದರು, ಯಾರೂ ನಗಲಿಲ್ಲ, ನಗುವವರ ಮೀಸೆಯೂ ಅರ್ಧವೇ ಇತ್ತಲ್ಲ. ಕೊನೆಗೆ ಗೊಂಬೆ ಕತ್ತು ವಾಲಿಸಿ, ನನ್ನ ಕಿವಿಯಲ್ಲಿ ನಿಮ್ಮ ಹೆಸರು ಹೇಳಿ ಅನ್ನುವುದು. ಹೇಳಿದವರ ದನಿ ಗೊಂಬೆಯೊಳಗೆ ಹೋಗುತ್ತಿತ್ತು, ಆಮೇಲೆ ಅವರ ಬಾಯಿಂದ ಒಂದು ಸೊಲ್ಲೂ ಹೊರಡುತ್ತಿರಲಿಲ್ಲ. ಮಾರನೆಯ ದಿನ ಗೊಂಬೆ ಅದೇ ದನಿಯಲ್ಲಿ ಅವರ ಹೆಂಡತಿಯನ್ನೋ ಗೆಳೆಯನನ್ನೋ ಕರೆಯುವುದು. ತಮ್ಮವರ ದನಿ ಕೇಳಿದ ಮೇಲೆ ಯಾರು ತಾನೆ ನಿಲ್ಲುತ್ತಾರೆ? ಕೊನೆಗೆ ಅರಸನೂ ತನ್ನ ದನಿ ಕೊಟ್ಟ. ಒಬ್ಬ ದಳವಾಯಿ ಸಿಟ್ಟಿನಿಂದ ಕತ್ತಿ ಎತ್ತಿದ್ದ. ಕೈ ನೋಯುತ್ತದೆ, ಕೆಳಗಿಡಿ ಅಂತ ಗೊಂಬೆ ಅವನ ತಾಯಿಯ ದನಿಯಲ್ಲಿ ಹೇಳಿತು, ಅವನು ಇಟ್ಟ. ರಾಜಧಾನಿಯ ಬೀದಿಗಳಲ್ಲಿ ಮಟಮಟ ಮಧ್ಯಾಹ್ನವೂ ಬರೀ ಹೆಜ್ಜೆಯ ಸಪ್ಪಳವೇ ಕೇಳುತ್ತಿತ್ತು.

ಒಂದು ದಿನ ಚಂದಲೆ ಊಟದ ಎಲೆ ತಲುಪಿಸಲು ಚಾವಡಿಗೆ ಹೋದಳು. ಮನೆಗೆ ಬಂದಾಗ ಜಡೆ ಅರ್ಧವೇ ಇತ್ತು. ಯಾಕೇ, ಏನಾಯಿತೇ ಅಂತ ಬಾಚಲೆ ಕೇಳಿದರೆ ಹುಡುಗಿ ಬಾಯಿ ತೆರೆದಳು, ಮುಚ್ಚಿದಳು, ಕಣ್ಣಿಂದ ದಳದಳ ನೀರು ಸುರಿಯಿತು. ಬೈದು ಬೈದು ಒಳ್ಳೆಯ ನಡತೆ ಕಲಿಸಿದವಳು ತಾನೇ ಅಲ್ಲವೇ ಅಂತ ಬಾಚಲೆ ತಲೆ ಚಚ್ಚಿಕೊಂಡು ಅತ್ತಳು. ಹುಣ್ಣಿಮೆ ಕಳೆದ ಕೂಡಲೇ ಮಾಯಾವಿ ಗೊಂಬೆಯನ್ನು ಪಕ್ಕದ ರಾಜ್ಯಕ್ಕೆ ಒಯ್ಯುತ್ತಾನೆ ಅಂತ ಪಲ್ಲಕ್ಕಿಯ ಬೋಯಿಗಳಿಂದ ಸುದ್ದಿ ಬಂದಿತ್ತು. ಒಯ್ದರೆ ತಂಗಿಯ ದನಿ ಮತ್ತೆ ಸಿಗುವುದಿಲ್ಲ. ಗೊಂಬೆಯನ್ನು ಒಡೆದರೆ ಒಳಗಿನ ದನಿಗಳೂ ಒಡೆಯಬಹುದು. ಹುಣ್ಣಿಮೆಯ ಮಧ್ಯಾಹ್ನ ಬಾಚಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ಚಾವಡಿಗೆ ಹೋದಳು.

ಚಾವಡಿಯಲ್ಲಿ ಎಲೆ ಹಾಕಿತ್ತು, ಪಾಯಸ ಬಡಿಸಿತ್ತು, ಕೂತವರು ಯಾರೂ ಇರಲಿಲ್ಲ. ಗೊಂಬೆ ಕತ್ತು ತಿರುಗಿಸಿ ರೆಪ್ಪೆ ಬಡಿಯಿತು.

ಒತ್ತಾಯ ಮಾಡುವುದು ಬಾಚಲೆಗೆ ಕಸುಬು. ಒತ್ತಾಯ ಮಾಡುವವರ ಮುಖ ನೋಡಿದರೆ ಸೋತಂತೆಯೇ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕಣ್ಣು ಕೆಳಗೆ ಮಾಡಿ, ನೆಲವನ್ನೇ ನೋಡುತ್ತ ನಿಂತಳು. ಗೊಂಬೆ ಮಂತ್ರಿಯ ಹೆಂಡತಿಯ ದನಿಯಲ್ಲಿ ಪಾಯಸಕ್ಕೆ ಉಪ್ಪು ಹಾಕಿಕೋ ಅಂತು. ಬಾಚಲೆ ಬೇಡ ಅಂದಳು. ಹುಟ್ಟಿದ ಮೇಲೆ ಅವಳ ಬಾಯಲ್ಲಿ ಬಂದ ಮೊದಲ ಗಟ್ಟಿ ಬೇಡ ಅದು, ಮೈಯೆಲ್ಲ ಬೆವೆತುಹೋಯಿತು. ಗೊಂಬೆ ಅರಸನ ದನಿಯಲ್ಲಿ ಜಡೆ ಕೇಳಿತು. ಅರಸನಿಗೆ ಬೇಡ ಅನ್ನುವುದೆಂದರೇನು? ಆದರೂ ನೆಲ ಬಿಟ್ಟು ಕಣ್ಣೆತ್ತದೆ ಬೇಡ ಅಂದಳು. ನೆಲ ನೋಡುತ್ತಿದ್ದದ್ದಕ್ಕೇ ಅವಳಿಗೆ ಇನ್ನೊಂದು ಕಂಡಿತು. ಪರದೆಯ ಅಂಚಿನ ಕೆಳಗೆ ಎರಡು ಪಾದಗಳ ಬೆರಳು, ಕುತೂಹಲಕ್ಕೆ ಅಲ್ಲಾಡುತ್ತಿದ್ದವು.

ಆಗ ಗೊಂಬೆ ಚಂದಲೆಯ ದನಿಯಲ್ಲಿ ಕರೆಯಿತು.

"ಅಕ್ಕಾ, ಇಲ್ಲಿ ಒಳಗೆ ತುಂಬ ಕತ್ತಲೆ. ಎಲ್ಲರೂ ಮಾತಾಡ್ತಾರೆ, ಯಾರೂ ಕೇಳಿಸ್ಕೊಳ್ಳಲ್ಲ. ನೀನೂ ಬಂದುಬಿಡು ಅಕ್ಕ, ದಯವಿಟ್ಟು. ನಿನ್ನ ಹೆಸರು ಹೇಳಿದ್ರೆ ಸಾಕು."

ಬಾಚಲೆಯ ಕಣ್ಣು ತಾನಾಗಿಯೇ ಮೇಲೆದ್ದಿತು. ಕಾಲು ತಾನಾಗಿಯೇ ಮುಂದೆ ಹೋಯಿತು. ಬಾಯಿ ಆ ತೂತಿನ ಹತ್ತಿರ ಬಂತು. ಒಳಗಿಂದ ನೂರಾರು ಜನ ಪಿಸುಗುಡುವ ಸದ್ದು, ಅದರ ನಡುವೆ ತಂಗಿಯ ಉಸಿರು. ಹೆಸರು ಹೇಳಲು ತುಟಿ ಬಿಚ್ಚಿದವಳು ಅಲ್ಲೇ ನಿಂತಳು. ದಯವಿಟ್ಟು ಅಂತೆ! ದನಿ ಚಂದಲೆಯದೇ, ಸುಳ್ಳಲ್ಲ. ಆದರೆ ಮಾತು?

"ನನ್ನ ತಂಗಿ ನನ್ನ ಹತ್ತಿರ ಇಷ್ಟು ನಯವಾಗಿ ಯಾವತ್ತೂ ಮಾತಾಡಿದವಳಲ್ಲ," ಅಂದಳು ಬಾಚಲೆ. "ನಾನು ಹೇಳೋದಿಲ್ಲ."

ಮೂರು ಸಲ ಬೇಡ ಅಂದವರನ್ನು ಗೊಂಬೆ ಕಂಡೇ ಇರಲಿಲ್ಲ. ಮುಂದೇನು ಮಾಡಬೇಕೆಂದು ತಿಳಿಯದೆ ಅದರ ರೆಪ್ಪೆ ಟಪಟಪ ಬಡಿಯತೊಡಗಿತು. ಬಾಚಲೆ ತಡಮಾಡಲಿಲ್ಲ. ನಾಲ್ಕೇ ಹೆಜ್ಜೆಯಲ್ಲಿ ಹೋಗಿ ಪರದೆಯನ್ನು ಹಿಡಿದು ಸರಕ್ಕನೆ ಎಳೆದಳು.

"ಎಲ್ಲರನ್ನೂ ಉಪಚಾರ ಮಾಡಿದೆ, ಸರಿ," ಅಂತ ಗೊಂಬೆಗೆ ಹೇಳಿದಳು. "ಮೊದಲಿನಿಂದ ಇಲ್ಲೇ ಕೂತಿರೋ ಇವರೊಬ್ಬರನ್ನು ಬಿಟ್ಟಿದ್ದೀಯ. ಪಂಕ್ತಿಭೇದ ಮಾಡಬಾರದು, ತಾಯಿ."

ಗೊಂಬೆಯ ಕತ್ತು ಕಿರ್ರೆಂದು ಪೂರ್ತಿ ಹಿಂದಕ್ಕೆ ತಿರುಗಿತು. ಕಣ್ಣಿಗೆ ಬಿದ್ದವರನ್ನು ಬಿಡುವ ಹಾಗಿಲ್ಲವಲ್ಲ, ಹಾಗೆ ಕಟ್ಟಿದವನು ಅವನೇ. ಒಳಗಿದ್ದ ಎಲ್ಲ ದನಿಗಳನ್ನೂ ಸೇರಿಸಿಕೊಂಡು ಮೆಲ್ಲಗೆ ಕೇಳಿತು, "ಊಟ ಆಯಿತೇ, ಸ್ವಾಮಿ?"

ವಕ್ರಜಂಘ ಗಹಗಹಿಸಿ ನಕ್ಕ. ತಾನೇ ಕಡೆದ ಮರ, ತಾನೇ ಬಡಿದ ಕೀಲು, ಅದರೊಳಗೆ ತನಗಾಗಿ ಮರುಗುವ ಜೀವ ಇಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊಂಬೆ ಇನ್ನೊಂದು ಸಲ ಕೇಳಿತು. ನಗು ನಿಂತಿತು. ಆ ಮಾತನ್ನು ಅವನಿಗೆ ಆವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಅವನಿಗೆ ಹೆದರಿದ್ದರು, ಅಷ್ಟೆ. ಮೂರನೆಯ ಸಲಕ್ಕೆ ಅವನು ಎಲೆಯ ಮುಂದೆ ಬಂದು ಕೂತು, ಇನ್ನೂ ಇಲ್ಲ ತಾಯಿ ಅಂದ. ಉಪ್ಪಿನ ಪಾಯಸ ಕುಡಿದ. ಒಂದು ಕಡೆಯ ಮೀಸೆ ತೆಗೆದುಕೊಟ್ಟ. ಗೊಂಬೆ ಕತ್ತು ವಾಲಿಸಿ ಹೆಸರು ಕೇಳಿದಾಗ ಮಾತ್ರ ಅವನ ಮುಖ ಬಿಳಿಚಿಕೊಂಡಿತು. ಬೇಡ ಅನ್ನಲು ಬಾಯಿ ತೆರೆದ, ಆಗಲಿಲ್ಲ. ನನ್ನ ಪರವಾಗಿ ನೀನಾದರೂ ಬೇಡ ಅನ್ನು ಅನ್ನುವಂತೆ ಬಾಚಲೆಯ ಕಡೆ ನೋಡಿದ. ಅವಳಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಆದರೂ ಅನ್ನಲಿಲ್ಲ.

ಅವನು ಬಗ್ಗಿ ತನ್ನ ಹೆಸರು ಹೇಳಿದ.

ದನಿಯ ಜೊತೆ ಅವನ ಮಂತ್ರವೂ ಹೋಯಿತು. ಹೇಳುವ ಬಾಯಿ ಇಲ್ಲದ ಮಂತ್ರಕ್ಕೆ ಬಲವೆಲ್ಲಿ? ಗೊಂಬೆಯ ಕೀಲುಗಳು ಒಂದೊಂದಾಗಿ ಸಡಿಲವಾಗಿ ಉದುರಿದವು. ಕಿವಿಯ ತೂತಿನಿಂದ ದನಿಗಳು ಗುಂಪುಗುಂಪಾಗಿ ಹೊರಬಂದು ಕಿಟಕಿಯಿಂದ ಊರ ಮೇಲೆ ಹಾರಿದವು. ಗಡಿಬಿಡಿಯಲ್ಲಿ ಅಗಸಗಿತ್ತಿಯ ದನಿ ಮಂತ್ರಿಗೆ ಹೋಗಿ, ಅವರು ಅರ್ಧ ದಿನ ಹೆಣ್ಣುದನಿಯಲ್ಲೇ ಆಜ್ಞೆ ಮಾಡಬೇಕಾಯಿತು. ವಕ್ರಜಂಘನ ದನಿಯೂ ಹೊರಬಂತು. ಅದು ಅವನ ಸುತ್ತ ಒಂದು ಸುತ್ತು ಬಂದು, ಅವನೊಳಗೆ ಹೋಗಲು ಹೆದರಿ, ಎತ್ತಲೋ ಹೊರಟುಹೋಯಿತು. ಕೀಲು ಉದುರಿದ ಗೊಂಬೆಯ ತುಟಿ ಮಾತ್ರ ಸಂಜೆಯ ತನಕ ಸದ್ದಿಲ್ಲದೆ ಅಲ್ಲಾಡುತ್ತಲೇ ಇತ್ತು. ಕೊನೆಗೆ ಅದನ್ನು ಒಲೆಗೆ ಹಾಕಿದರು. ಮಾಯಾವಿ ಮೂಕನಾಗಿ ಅರಮನೆಯ ಅಂಗಳದಲ್ಲೇ ಉಳಿದ. ದಿನಾ ಊಟ ಆಯಿತೇ ಅಂತ ಯಾರಾದರೂ ಕೇಳುತ್ತಿದ್ದರು, ಅಷ್ಟಕ್ಕೇ ಅವನ ಕಣ್ಣು ತುಂಬುತ್ತಿತ್ತು.

ಬಾಚಲೆ ಏದುಸಿರು ಬಿಡುತ್ತ ಮನೆಗೆ ಓಡಿದಳು. ಚಂದಲೆ ಒಲೆಯ ಮುಂದೆ ಮುದುರಿ ಕೂತಿದ್ದಳು. ದನಿ ಬಂತೇನೇ ಅಂತ ಕೇಳಲು ಬಾಚಲೆಗೆ ಧೈರ್ಯ ಸಾಲಲಿಲ್ಲ, ಬರದಿದ್ದರೆ? ಸುಮ್ಮನೆ ತಟ್ಟೆ ಇಟ್ಟು ಅನ್ನ ಬಡಿಸಿದಳು. ಹುಡುಗಿ ತಲೆ ತಗ್ಗಿಸಿ ಉಂಡಳು. ಇನ್ನೊಂದು ಸೌಟು ಬಡಿಸಿದಳು, ಅದನ್ನೂ ಉಂಡಳು. ರೂಢಿಯ ಬಲ ನೋಡಿ, ಅಕ್ಕನ ಕೈ ಮತ್ತೊಂದು ಸೌಟು ತುಂಬಿತು.

"ಬೇಡ ಅಕ್ಕ, ಸಾಕು ಅಂದ್ರೆ ಸಾಕು," ಅಂದಳು ಚಂದಲೆ, ಸಿಡುಕಿ.

ಬಾಚಲೆ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತು, ಅತ್ತು, ನಕ್ಕು, ಇನ್ನೊಂದು ಸಲ ಅನ್ನೇ ಅಂದಳು. ಆ ಹುಡುಗಿ ಆವತ್ತು ಹಿಡಿದ ವಟವಟವನ್ನು ಮತ್ತೆ ಬಿಡಲಿಲ್ಲ. ತುಂಬೆನಾಡಿನವರು ಆಮೇಲೆ ಬಹಳ ಕಾಲ ಹಾಯಾಗಿ ಬಾಳಿದರು, ಬೇಕಾದಷ್ಟು ಉಂಡರು, ಸಾಕಾದಾಗ ಬೇಡ ಅಂದರು, ಅಂದವರ ಮೇಲೆ ಯಾರೂ ಮುನಿಸಿಕೊಳ್ಳಲಿಲ್ಲ.