ಫುಲ್ಮಾರ್ ದೋಣಿ ಮುಳುಗಿದ ಪ್ರಕರಣ

ಮಾರ್ಚ್ ಹದಿಮೂರು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಜಿಲಿಯನ್ ಥ್ವೇಟ್ ಎಂಬ ಹೆಂಗಸು ಠಾಣೆಗೆ ಬಂದು ದೂರು ಕೊಟ್ಟಳು. ಅರ್ಡ್‌ವೋರಾ ಹಳ್ಳಿಯ ಕಟ್ಟೆಗೆ ಕಟ್ಟಿದ್ದ ತನ್ನ ಮೀನುಗಾರಿಕೆ ದೋಣಿ ‘ಫುಲ್ಮಾರ್’ ಅನ್ನು ಯಾರೋ ಬೇಕೆಂದೇ ಮುಳುಗಿಸಿದ್ದಾರೆ ಎಂಬುದು ದೂರು.

ಸಾರ್ಜೆಂಟ್ ರೋನಾ ಗಿಲ್ಯಾಂಡರ್ಸ್ ಎದುರಿಗೆ ಕೂತು ಬರೆದುಕೊಂಡಳು.

“ಯಾರ ಮೇಲಾದ್ರೂ ಅನುಮಾನ?”

“ಇಡೀ ಊರಿನ ಮೇಲೆ.”

“ಹಾಗಂತ ಬರೆಯೋಕಾಗಲ್ಲ.”

“ಹಾಗಾದ್ರೆ ಫಿನ್ಲೆ ಮಾಥೆಸನ್ ಅಂತ ಬರೀರಿ. ಹೋದ ಶರತ್ಕಾಲದಲ್ಲಿ ಸಮುದ್ರಕ್ಕೆ ಇಳಿಸಿದ್ದ ನನ್ನ ಸಿಗಡಿ ಹಿಡಿಯೋ ಬುಟ್ಟಿಗಳ ಹಗ್ಗ ಕತ್ತರಿಸಿದ್ದ. ಈ ದೋಣಿ ಮೊದಲು ಅವನ ಸತ್ತ ಅಣ್ಣ ಲಾಕ್ಲನ್‌ದು. ಇಂಗ್ಲೆಂಡಿನವಳ ಕೈಗೆ ಹೋಯ್ತಲ್ಲ ಅಂತ ಹೊಟ್ಟೆಯುರಿ.”

ಕೊನೆಯ ಮಾತನ್ನು ಅವಳು ತಲೆ ತಗ್ಗಿಸಿ ಹೇಳಿದಳು. ಹಳ್ಳಿಯಲ್ಲಿ ಯಾರೂ ಬಾಡಿಗೆಗೆ ಕೋಣೆ ಕೊಡದ ಕಾರಣ ಅವಳು ದೋಣಿಯ ಸಣ್ಣ ಕೋಣೆಯಲ್ಲೇ ಮಲಗುತ್ತಿದ್ದಳು. ಶನಿವಾರ ಹಲ್ಲು ತೋರಿಸಲು ದೂರದ ಪಟ್ಟಣ ಇನ್ವರ್ನೆಸ್‌ಗೆ ಹೋದವಳು ಹಿಮ ಬಿದ್ದು ರಸ್ತೆ ಮುಚ್ಚಿದ್ದರಿಂದ ಅಲ್ಲೇ ಉಳಿದಿದ್ದಳು. ಇಲ್ಲದಿದ್ದರೆ ಭಾನುವಾರ ದೋಣಿಯಲ್ಲೇ ಇರುತ್ತಿದ್ದಳು.

ಆ ನಾಡಿನ ಕಾನೂನಿನಲ್ಲಿ ಒಬ್ಬರ ಸಾಕ್ಷಿ ಸಾಲದು, ಇಬ್ಬರು ಬೇಕು. ರೋನಾ ಕಾನ್‌ಸ್ಟೇಬಲ್ ಟಾರ್ಕಿಲ್‌ನನ್ನೂ ಜೀಪು ಹತ್ತಿಸಿಕೊಂಡು ಹೊರಟಳು.

ಮಧ್ಯಾಹ್ನ ಇಳಿತಕ್ಕೆ ನೀರು ಹಿಂದೆ ಸರಿದು, ಫುಲ್ಮಾರ್ ಕೆಸರಿನ ಮೇಲೆ ವಾಲಿಕೊಂಡು ಕೂತಿತ್ತು. ಇಬ್ಬರೂ ಒಳಗಿಳಿದು ಪಂಚನಾಮೆ ಮಾಡಿದರು. ಇಂಜಿನ್ ತಣ್ಣಗಿಡಲು ಸಮುದ್ರದ ನೀರು ತರುವ ಪೈಪನ್ನು ಯಾರೋ ಬಿಚ್ಚಿಟ್ಟಿದ್ದರು. ಪೈಪು ಹರಿದಿರಲಿಲ್ಲ, ಕತ್ತರಿಸಿರಲೂ ಇಲ್ಲ. ಅದನ್ನು ಹಿಡಿದಿದ್ದ ಬಿಗಿಪಟ್ಟಿಯ ಸ್ಕ್ರೂ ತಿರುಗಿಸಿ ತೆಗೆದು, ಪಟ್ಟಿಯನ್ನು ಪಕ್ಕದ ಹಲಗೆಯ ಮೇಲೆ ಇಟ್ಟಿದ್ದರು. ಇಂಜಿನ್ ಕೋಣೆಯ ಬೀಗ ಒಡೆದಿರಲಿಲ್ಲ. ಕೀಲಿಕೈ ಹಾಕಿ ತೆಗೆದದ್ದು.

ಟಾರ್ಕಿಲ್ ಫೋಟೊ ತೆಗೆದುಕೊಂಡ. ಮೇಲೆ ಕಟ್ಟೆಯ ಮೇಲೆ ನಾಲ್ಕೈದು ಗಂಡಸರು ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು. ಮೇಲೆ ಹತ್ತುವಾಗ ಒಬ್ಬನೂ ಕೈ ಚಾಚಲಿಲ್ಲ.

“ಸಾರ್ಜೆಂಟಮ್ಮನಿಗೆ ಬೂಟು ಕೆಸರಾಯ್ತು,” ಎಂದ ಒಬ್ಬ.

ಅಂಗಡಿಯ ಪೆಗ್ಗಿ ಒಬ್ಬಳೇ ಬಾಯಿಬಿಟ್ಟವಳು. ಅದೂ ರೋನಾಳ ಅಪ್ಪ ಪಕ್ಕದ ಕೊಲ್ಲಿಯವನೆಂಬ ದಾಕ್ಷಿಣ್ಯಕ್ಕೆ.

“ಭಾನುವಾರ ಸಂಜೆ ಪ್ರಾರ್ಥನೆಗೆ ಹೋಗುವಾಗ ದೋಣಿ ಸರಿಯಾಗೇ ಇತ್ತು.”

“ಬರುವಾಗ?”

ಪೆಗ್ಗಿ ಬ್ರೆಡ್ಡನ್ನು ಕಪಾಟಿನಲ್ಲಿ ಜೋಡಿಸಿದಳು. “ಒಂದು ಪಕ್ಕಕ್ಕೆ ವಾಲಿತ್ತು.”

“ಎಷ್ಟು ಜನ ನೋಡಿದ್ರಿ?”

“ಎಲ್ಲರೂ. ಚರ್ಚಿನಿಂದ ಬರೋಕೆ ಇರೋದು ಅದೊಂದೇ ದಾರಿ.”

“ಒಬ್ಬರೂ ನೀರು ಹೊರಹಾಕೋಕೆ ಹೋಗಲಿಲ್ವಾ?”

“ಭಾನುವಾರ ದೇವರ ದಿನ, ಕೆಲಸ ಮಾಡಬಾರದಲ್ಲಮ್ಮ.”

“ಒಳಗೆ ಆ ಹೆಂಗಸು ಮಲಗಿದ್ದಿದ್ರೆ?”

“ಇರಲಿಲ್ವಲ್ಲ,” ಎಂದಳು ಪೆಗ್ಗಿ. “ನಿಮ್ಮಪ್ಪ ಇದ್ದಿದ್ರೆ ನೀನು ಹೀಗೆ ಪ್ರಶ್ನೆ ಕೇಳ್ಕೊಂಡು ಓಡಾಡೋದು ನೋಡಿ ನಾಚ್ಕೊಳ್ಳೋರು.”

ಫಿನ್ಲೆ ಮಾಥೆಸನ್ ತನ್ನ ಕೊಟ್ಟಿಗೆಯಲ್ಲಿ ಬುಟ್ಟಿ ಹೆಣೆಯುತ್ತಿದ್ದ. ಕೂರಿ ಎನ್ನಲಿಲ್ಲ.

“ಭಾನುವಾರ ಸಂಜೆ ಎಲ್ಲಿದ್ದೆ?”

“ನಾನೇ ಮುಳುಗಿಸಿದ್ದು. ಬರ್ಕೋ.”

ಟಾರ್ಕಿಲ್ ತಲೆಯೆತ್ತಿ ನೋಡಿದ. ರೋನಾ ಮುಖದಲ್ಲಿ ಏನೂ ತೋರಿಸಲಿಲ್ಲ.

“ಹೇಗೆ ಮುಳುಗಿಸಿದೆ?”

“ಪೈಪು ಕತ್ತರಿಸಿದೆ. ಚಾಕುವಿನಲ್ಲಿ.”

“ಬೀಗ?”

“ಒಡೆದೆ.”

“ಯಾವಾಗ?”

“ಸಂಜೆ. ಎಲ್ಲರೂ ಚರ್ಚಿನಲ್ಲಿದ್ದಾಗ. ಅವಳು ಇನ್ನು ಗಂಟುಮೂಟೆ ಕಟ್ಟಲಿ.”

ರೋನಾ ಹೊರಗೆ ಬಂದು ಜೀಪಿಗೆ ಒರಗಿ ನಿಂತಳು. “ಒಂದಾದರೂ ಸರಿ ಹೇಳಿದನಾ?”

“ಹೊತ್ತು ಬಿಟ್ರೆ ಒಂದೂ ಇಲ್ಲ ಮೇಡಂ. ಇನ್ನೊಂದು ವಿಷಯ. ಆ ಚರ್ಚಿನಲ್ಲಿ ಕೀರ್ತನೆ ಎತ್ತಿ ಹಾಡೋದು ಇವನೇ. ಇವನು ಇಲ್ಲದಿದ್ರೆ ಭಾನುವಾರ ಹಾಡೇ ಶುರುವಾಗಲ್ಲ.”

ಪಾದ್ರಿಯನ್ನು ಕೇಳಿದರು. ಫಿನ್ಲೆ ಮೊದಲಿನಿಂದ ಕೊನೆಯವರೆಗೂ ಇದ್ದ, ಎಂದಿಗಿಂತ ಜೋರಾಗಿಯೇ ಹಾಡಿದ ಎಂದು ಪಾದ್ರಿ ಹೇಳಿಕೆ ಕೊಟ್ಟರು. ಯಾರು ಬಂದಿರಲಿಲ್ಲ ಎಂದು ಕೇಳಿದ್ದಕ್ಕೆ, ಪೀಠದಲ್ಲಿ ನಿಂತು ತಲೆ ಎಣಿಸುವ ಅಭ್ಯಾಸ ತನಗಿಲ್ಲ ಎಂದು ಬಾಗಿಲು ಹಾಕಿಕೊಂಡರು.

ಫಿನ್ಲೆ ಯಾರನ್ನೋ ಮರೆಮಾಡುತ್ತಿದ್ದ. ಊರೂ ಅವನ ಜೊತೆ ಸೇರಿಕೊಂಡಿತ್ತು. ರೋನಾ ಕೀಲಿಕೈಯ ಬೆನ್ನುಹತ್ತಿದಳು. ಮರುದಿನ ಮಂಗಳವಾರ, ದೋಣಿ ಮಾರಾಟ ಮಾಡಿಸಿದ ದಲ್ಲಾಳಿಗೆ ಫೋನು ಮಾಡಿದಳು. ಆ ಬೀಗಕ್ಕೆ ಎರಡು ಕೀಲಿಕೈಗಳಿದ್ದವು, ಒಂದೇ ತನ್ನ ಕೈಗೆ ಬಂದದ್ದು ಎಂದ ದಲ್ಲಾಳಿ.

“ಇನ್ನೊಂದು?”

“ಹುಡುಕಿ ಕೊಡ್ತೀನಿ ಅಂದಿದ್ರು. ಕೊಡಲಿಲ್ಲ.”

“ಯಾರು ಅಂದಿದ್ದು?”

“ಮಾರಿದವರು. ಲಾಕ್ಲನ್ ಹೆಂಡತಿ, ಡೋಲಿನಾ.”

ಡೋಲಿನಾ ಮಾಥೆಸನ್‌ಳ ಮನೆ ಕಟ್ಟೆಗೆ ಎದುರೇ ಇತ್ತು. ಅರವತ್ತು ದಾಟಿದ, ಎತ್ತರದ ಹೆಂಗಸು. ಜೀಪು ನಿಂತದ್ದು ನೋಡಿ ಫಿನ್ಲೆ ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

“ನಾನು ಹೇಳಿಕೆ ಕೊಟ್ಟಾಯ್ತಲ್ಲ. ನಮ್ಮ ಅತ್ತಿಗೆ ತಂಟೆಗೆ ಬರ್ಬೇಡಿ.”

“ಫಿನ್ಲೆ, ಆಚೆ ಸರಿ. ಮಳೆ ಒಳಗೆ ಬರ್ತಿದೆ,” ಎಂದಳು ಡೋಲಿನಾ ಒಳಗಿನಿಂದ. “ಬನ್ನಿ.”

ಟಾರ್ಕಿಲ್ ಅವಳ ಹಕ್ಕುಗಳನ್ನು ಓದಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಏಪ್ರನ್ ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟಳು.

“ಪೈಪು ಬಿಚ್ಚೋದು ಯಾರು ಹೇಳಿಕೊಟ್ರು?”

“ಇಪ್ಪತ್ತು ವರ್ಷ ಅವರ ಜೊತೆ ಬುಟ್ಟಿ ಎಳೆದಿದ್ದೀನಿ. ಇಂಜಿನ್ ನೋಡ್ಕೊಳ್ತಿದ್ದದ್ದೂ ನಾನೇ. ಅವರಿಗೆ ಎಣ್ಣೆ ವಾಸನೆಗೆ ತಲೆನೋವು ಬರ್ತಿತ್ತು.”

“ಒಳಗೆ ಅವಳು ಇದ್ದಿದ್ರೆ?”

“ಮೊದಲು ಅವಳು ಮಲಗೋ ಕೋಣೆ ಬಾಗಿಲು ತಟ್ಟಿದೆ. ಉತ್ತರ ಬರಲಿಲ್ಲ. ಒಳಗೆ ಇಳಿದೂ ನೋಡಿದೆ.”

“ಇದ್ದಿದ್ರೆ ಏನು ಮಾಡ್ತಿದ್ರಿ?”

ಡೋಲಿನಾ ಯೋಚಿಸಿದಳು. “ಬೇರೆ ದಿನ ಬರ್ತಿದ್ದೆ.”

ಫಿನ್ಲೆ ಗೋಡೆಯ ಕಡೆ ತಿರುಗಿಕೊಂಡ.

“ಮಾರಿದವರೂ ನೀವೇ, ಮುಳುಗಿಸಿದವರೂ ನೀವೇ. ಯಾಕೆ?”

“ಕೊಂಡವಳು ಇಂಗ್ಲೆಂಡಿನವಳು ಅಂದಾಗ ಅಲ್ಲಿಗೇ ತಗೊಂಡು ಹೋಗ್ತಾಳೆ ಅಂದ್ಕೊಂಡೆ. ಒಂದು ವಾರಕ್ಕೆ ತಿರುಗಿ ಬಂದು ನನ್ನ ಕಿಟಕಿ ಕೆಳಗೇ ಕಟ್ಟಿದಳು. ದಿನಾ ಬೆಳಗಿನ ಜಾವ ಇಂಜಿನ್ ಶುರು ಮಾಡ್ತಾಳೆ. ಆ ಸದ್ದು ಕೇಳಿದ್ರೆ ನನ್ನ ಕಾಲು ತಾನಾಗೇ ಹಾಸಿಗೆಯಿಂದ ಇಳಿಯುತ್ತೆ. ನಿದ್ದೆಗಣ್ಣಲ್ಲೇ ಚಹಾಕ್ಕೆ ನೀರಿಟ್ಟು, ಎರಡು ಬಟ್ಟಲು ತೆಗೆದು, ಆಮೇಲೆ ಜ್ಞಾಪಕ ಬರುತ್ತೆ. ದಿನಾ. ಅವರು ಸತ್ತಿದ್ದು ಒಂದು ಸಲ, ಸಾರ್ಜೆಂಟ್. ನಂಗೆ ದಿನಾ ಬೆಳಿಗ್ಗೆ ಸುದ್ದಿ ಬರ್ತಿತ್ತು.”

ರೋನಾ ಕೀಲಿಕೈಯನ್ನು ಸಾಕ್ಷ್ಯದ ಚೀಲಕ್ಕೆ ಹಾಕಿದಳು.

“ಆಚೆ ಬದಿಗೆ ಕಟ್ಟು ಅಂತ ಅವಳಿಗೆ ಒಂದು ಮಾತು ಹೇಳಬಹುದಿತ್ತಲ್ಲ?”

ಡೋಲಿನಾ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ಅವಳ ಹತ್ರ ಇಲ್ಲಿ ಯಾರು ಮಾತಾಡ್ತಾರೆ?”

ಮಾರ್ಚ್ ಹದಿನಾಲ್ಕು, ಮಧ್ಯಾಹ್ನ ಎರಡೂಕಾಲಿಗೆ ಡೋಲಿನಾ ಮಾಥೆಸನ್‌ಳನ್ನು ದ್ವೇಷದಿಂದ ಆಸ್ತಿ ನಾಶ ಮಾಡಿದ ಆರೋಪದ ಮೇಲೆ ಬಂಧಿಸಲಾಯಿತು. ಅವಳೇ ಕೋಟು ಹಾಕಿಕೊಂಡು, ಒಲೆ ಆರಿಸಿ ಬಂದಳು. ಊರು ಬಾಗಿಲುಗಳಲ್ಲಿ ನಿಂತು ನೋಡುತ್ತಿತ್ತು. ಜೀಪಿನ ಕಿಟಕಿಗೆ ಯಾರೋ ಉಗಿದರು. ರೋನಾ ಒರೆಸಲಿಲ್ಲ.

ಸಂಜೆ ಅವಳು ಜಿಲಿಯನ್‌ಗೆ ಫೋನಿನಲ್ಲಿ ವಿಷಯ ತಿಳಿಸಿದಳು. ಕಾರಣವನ್ನೂ ಹೇಳಿದಳು.

“ಆ ಮನೆ ಕಿಟಕಿಯಲ್ಲಿ ದಿನಾ ದೀಪ ಹತ್ತೋದು ನೋಡ್ತಿದ್ದೆ,” ಎಂದಳು ಜಿಲಿಯನ್. “ಈ ಊರಲ್ಲಿ ನನ್ನ ಜೊತೆ ಏಳೋರು ಒಬ್ಬರಾದ್ರೂ ಇದ್ದಾರಲ್ಲ ಅಂದ್ಕೊಳ್ತಿದ್ದೆ.”

ರೋನಾ ಆ ಮಾತನ್ನು ಹೇಳಿಕೆಯಲ್ಲಿ ಸೇರಿಸಲಿಲ್ಲ. ಕಡತವನ್ನು ಸರ್ಕಾರಿ ವಕೀಲರಿಗೆ ಕಳಿಸಲು ಟಾರ್ಕಿಲ್ ಕೈಗೆ ಕೊಟ್ಟು, ಜೀಪು ತೊಳೆಯಲು ಹೊರಗೆ ಹೋದಳು.