ಕಣಕಾಲಿನ ಗುಳಿ

ನಡುಹಗಲಲ್ಲಿ ನಡೆದದ್ದು, ನಂಬಿದರೆ ನಂಬಿ. ಚೆನ್ನೈನ ಕೋಡಂಬಾಕ್ಕಂನಲ್ಲಿರುವ ನನ್ನ ಕ್ಲಿನಿಕ್ಕಿನಲ್ಲಿ ಕುಳಿತು, ಪಲ್ಲಾವರಂನ ನೀಲಗಂಗಮ್ಮನವರನ್ನು ವೀಡಿಯೋದಲ್ಲಿ ನೋಡುತ್ತಿದ್ದೆ. ಕಾಲಿನ ಊತ ಇಳಿಯದಿದ್ದರೆ ಅವರು ಆಸ್ಪತ್ರೆ ಸೇರಬೇಕು, ಇಳಿದಿದ್ದರೆ ಶುಕ್ರವಾರದ ಸಂತೆಗೆ ಹೋಗಬಹುದು. ಅವರಿಗೋ ಸಂತೆಯದೇ ಧ್ಯಾನ.

“ಜೊತೆಗೆ ಯಾರಿದ್ದಾರೆ, ಅಮ್ಮಾ?”

“ನಮ್ಮನೆಯವರು ಇಲ್ಲೇ ಇದ್ದಾರಲ್ಲ, ಡಾಕ್ಟರಮ್ಮ!”

“ಹಾಗಾದ್ರೆ ಕಣಕಾಲನ್ನ ಹೆಬ್ಬೆರಳಲ್ಲಿ ಒತ್ತಿ ಬಿಡೋಕೆ ಹೇಳಿ. ಗುಳಿ ಹಾಗೇ ಉಳಿದ್ರೆ ಊತ ಇನ್ನೂ ಇದೆ ಅಂತ, ನೋಡೋಣ.”

ಮೊಬೈಲು ಚೆಂಬಿಗೆ ಒರಗಿತ್ತು. ಅವರ ಎರಡೂ ಕೈ ಮಡಿಲಲ್ಲಿದ್ದವು. ಸ್ಟೂಲಿನ ಮೇಲೆ ಚಾಚಿದ್ದ ಕಾಲಿನ ಹತ್ತಿರ ಯಾರೂ ಬರಲಿಲ್ಲ. ಆದರೂ ಕಣಕಾಲಿನ ಚರ್ಮ ಹೆಬ್ಬೆರಳಗಲ ಒಳಕ್ಕೆ ಹೋಗಿ, ಯಾರೋ ಒತ್ತಿ ಹಿಡಿದಂತೆ ಕೊಂಚ ಹೊತ್ತು ನಿಂತು, ಬಿಟ್ಟ ಕೂಡಲೇ ನುಣ್ಣಗೆ ಮೇಲೆದ್ದಿತು.

“ಮೆಲ್ಲಗೆ ರೀ, ಕಚಗುಳಿ ಆಗುತ್ತೆ!” ಎಂದು ನೀಲಗಂಗಮ್ಮ ಕಿಲಕಿಲ ನಕ್ಕರು.

ನಾನು ಪರದೆಗೆ ಮುಖ ಹತ್ತಿರ ತಂದು ನೋಡಿದೆ, ಕಾಲಿನ ಬಳಿ ಯಾರೂ ಇಲ್ಲ. ಆದರೆ ಗುಳಿ ಉಳಿದಿರಲಿಲ್ಲ, ಡಾಕ್ಟರಾಗಿ ಸುಳ್ಳು ಹೇಳಲಾದೀತೆ? “ಊತ ಇಳಿದಿದೆ, ಸಂತೆಗೆ ಹೋಗಿಬನ್ನಿ,” ಎಂದೆ.

ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು. ಅವರ ಕೈ ನಿಂತ ಮೇಲೂ ಚಪ್ಪಾಳೆ ಕೇಳಿಸುತ್ತಲೇ ಇತ್ತು.

“ರೊಂಬ ಥ್ಯಾಂಕ್ಸ್, ಡಾಕ್ಟರಮ್ಮ! ಇನ್ನೊಂದೇ ಒಂದು. ಈ ಚೆನ್ನೈ ಬಿಸಿಲಲ್ಲೂ ಇವರ ಕೈ ತಣ್ಣಗೆ ಕೊರೆಯುತ್ತೆ. ಅದಕ್ಕೇನಾದ್ರೂ ಮಾತ್ರೆ ಇದೆಯಾ?”